ಕರಾವಳಿಯ ಪಕ್ಕದಲ್ಲೇ ಹಾದುಹೋಗುವ ಚಂಡಮಾರುತ: ಮನೆಯಲ್ಲಿದ್ದು ಅದರ ಜಾಡು ಹಿಡಿಯುವ ಕ್ರಮ

ಅರಬ್ಬಿ ಸಮುದ್ರದಲ್ಲಿ ಹುಟ್ಟುವ ಚಂಡಮಾರುತಗಳಲ್ಲಿ ಕರ್ನಾಟಕದ ದಡಕ್ಕೆ ನೇರವಾಗಿ ಬಂದು ಅಪ್ಪಳಿಸುವವು ತೀರ ವಿರಳ. ಹಲವು ಚಂಡಮಾರುತಗಳು ಲಕ್ಷದ್ವೀಪದ ಆಸುಪಾಸಿನಲ್ಲಿ ಕಡಿಮೆ ಒತ್ತಡದ ಪ್ರದೇಶವಾಗಿ ಮೊಳೆತು, ಬಲ ಗಳಿಸುತ್ತ ಉತ್ತರಕ್ಕೋ ವಾಯವ್ಯಕ್ಕೋ ಸಾಗಿ, ಗುಜರಾತ್, ಒಮಾನ್ ಅಥವಾ ಯೆಮೆನ್‌ನ ದಡ ಸೇರುತ್ತವೆ, ಇಲ್ಲವೇ ನಡುಗಡಲಿನಲ್ಲೇ ಕ್ಷೀಣಿಸುತ್ತವೆ. ಹೀಗಾಗಿ ಸುದ್ದಿವಾಹಿನಿಗಳ ನಕ್ಷೆಯಲ್ಲಿ ಬಾಣದ ಗುರುತು ಗುಜರಾತಿನತ್ತ ತಿರುಗಿದ ಕೂಡಲೇ ಉಳ್ಳಾಲದಲ್ಲಿಯೂ ಮರವಂತೆಯಲ್ಲಿಯೂ ‘ನಮಗೇನೂ ಇಲ್ಲ’ ಎಂಬ ನಿರಾಳ ಭಾವ ಹರಡುತ್ತದೆ. ಆದರೆ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ದಡ ಮುಟ್ಟಿದ್ದು ಗುಜರಾತಿನ ಊನಾ ಸಮೀಪ, ಮೇ 17ರ ರಾತ್ರಿ. ನಮ್ಮ ಕರಾವಳಿಯಲ್ಲಿ ಮನೆಗಳು, ತೆಂಗಿನ ಮರಗಳು, ಕಡಲತೀರದ ರಸ್ತೆಗಳು ಸಮುದ್ರದ ಪಾಲಾದದ್ದು ಅದಕ್ಕೂ ಮುನ್ನ, ಮೇ 15 ಮತ್ತು 16ರಂದು. ಆದ್ದರಿಂದ ಮಂಜೇಶ್ವರದಿಂದ ಕಾರವಾರದವರೆಗಿನ ನಿವಾಸಿಗಳು ಚಂಡಮಾರುತ ಎಲ್ಲಿ ದಡ ಸೇರುತ್ತದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ತಮ್ಮ ಊರಿನ ಅಕ್ಷಾಂಶವನ್ನು ಅದು ಯಾವಾಗ ಮತ್ತು ಎಷ್ಟು ದೂರದಲ್ಲಿ ದಾಟುತ್ತದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ಕ್ರಮವನ್ನು ಮುಂದೆ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹಂತ: ಮೂಲ ಬುಲೆಟಿನ್ ಓದುವುದು

ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳ ಬಗ್ಗೆ ಅಧಿಕೃತವಾಗಿ ಮುನ್ಸೂಚನೆ ನೀಡುವ ಮತ್ತು ಅವುಗಳಿಗೆ ಹೆಸರಿಡುವ ಹೊಣೆ ದೆಹಲಿಯಲ್ಲಿರುವ ಭಾರತೀಯ ಹವಾಮಾನ ಇಲಾಖೆಯ ಚಂಡಮಾರುತ ಕೇಂದ್ರದ್ದು. 13 ದೇಶಗಳು ಕೊಟ್ಟ ಹೆಸರುಗಳ ಪಟ್ಟಿಯಿಂದ ಸರದಿಯಂತೆ ಒಂದೊಂದನ್ನು ಬಳಸಲಾಗುತ್ತದೆ. ಹೆಸರಿನ ಅರ್ಥದ ಚರ್ಚೆಯಿಂದ ನಮಗೆ ಇಲ್ಲಿ ಪ್ರಯೋಜನವಿಲ್ಲ. ಇಲಾಖೆಯ ಜಾಲತಾಣದಲ್ಲಿ ಮತ್ತು ‘ಮೌಸಮ್’ ಆ್ಯಪ್‌ನಲ್ಲಿ ಪ್ರಕಟವಾಗುವ ಬುಲೆಟಿನ್ ಇಂಗ್ಲಿಷಿನಲ್ಲಿದ್ದರೂ ಅದರ ಕಟ್ಟು ಪ್ರತಿ ಬಾರಿಯೂ ಒಂದೇ ಆಗಿರುವುದರಿಂದ ಒಂದೆರಡು ಬಾರಿ ಓದಿದವರಿಗೆ ಬೇಕಾದ ಅಂಕಿಗಳು ಎಲ್ಲಿವೆ ಎಂಬುದು ರೂಢಿಯಾಗುತ್ತದೆ.

ಬುಲೆಟಿನ್ ತೆರೆದಾಗ ಮೊದಲು ನೋಡಬೇಕಾದದ್ದು ಹೊರಡಿಸಿದ ಸಮಯ ಮತ್ತು ವೀಕ್ಷಣೆಯ ಸಮಯ. ಇವೆರಡೂ ಬೇರೆ ಬೇರೆ. ಬೆಳಿಗ್ಗೆ 8.30ರ ವೀಕ್ಷಣೆಯನ್ನು ಆಧರಿಸಿದ ಬುಲೆಟಿನ್ ನಿಮ್ಮ ಮೊಬೈಲಿಗೆ ಬರುವ ಹೊತ್ತಿಗೆ ಹತ್ತೂವರೆಯೋ ಹನ್ನೊಂದೋ ಆಗಿರಬಹುದು. ಅಷ್ಟರಲ್ಲಿ ಚಂಡಮಾರುತ ಇಪ್ಪತ್ತು ಮೂವತ್ತು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಅಂತರರಾಷ್ಟ್ರೀಯ ಸಮಯದಲ್ಲಿ (UTC) ಬರೆದಿದ್ದರೆ ಅದಕ್ಕೆ ಐದೂವರೆ ಗಂಟೆ ಸೇರಿಸಬೇಕು: 00 ಎಂದರೆ ನಮ್ಮ ಮುಂಜಾನೆ 5.30, 03 ಎಂದರೆ 8.30, 12 ಎಂದರೆ ಸಂಜೆ 5.30. ಚಂಡಮಾರುತ ರೂಪುಗೊಂಡ ಮೇಲೆ ಬುಲೆಟಿನ್‌ಗಳು ಮೂರು ಗಂಟೆಗೊಮ್ಮೆ ಬರುತ್ತವೆ, ದಡ ಸಮೀಪಿಸಿದಾಗ ಗಂಟೆಗೊಮ್ಮೆ.

ನಂತರ ನೋಡಬೇಕಾದದ್ದು ತೀವ್ರತೆಯ ದರ್ಜೆ. ಗಾಳಿಯ ವೇಗ ಗಂಟೆಗೆ 31ರಿಂದ 50 ಕಿ.ಮೀ. ಇದ್ದರೆ ವಾಯುಭಾರ ಕುಸಿತ, 51ರಿಂದ 62 ಇದ್ದರೆ ತೀವ್ರ ವಾಯುಭಾರ ಕುಸಿತ. 63 ಮುಟ್ಟಿದಾಗ ಮಾತ್ರ ಅದಕ್ಕೆ ಚಂಡಮಾರುತವೆಂಬ ದರ್ಜೆಯೂ ಹೆಸರೂ ಸಿಗುತ್ತವೆ. 89 ಕಿ.ಮೀ.ಯಿಂದ ತೀವ್ರ ಚಂಡಮಾರುತ, 118ರಿಂದ ಅತಿ ತೀವ್ರ, 167ರಿಂದ ಅದಕ್ಕೂ ಮೇಲಿನ ದರ್ಜೆ, 222 ದಾಟಿದರೆ ಸೂಪರ್ ಸೈಕ್ಲೋನ್. ನಮ್ಮ ಪತ್ರಿಕೆಗಳಲ್ಲಿ ಸಣ್ಣ ಮಳೆಗೂ ‘ವಾಯುಭಾರ ಕುಸಿತ’ ಎಂದು ಬರೆಯುವ ರೂಢಿ ಇರುವುದರಿಂದ ಆ ಮಾತನ್ನು ನಂಬಿ ದರ್ಜೆಯನ್ನು ನಿರ್ಧರಿಸಬಾರದು. ಇನ್ನೊಂದು ಗೊಂದಲವೂ ಉಂಟು. ಅಮೆರಿಕದ ನೌಕಾಪಡೆಯ ಕೇಂದ್ರ ಇದೇ ಚಂಡಮಾರುತಕ್ಕೆ ಹೆಚ್ಚಿನ ವೇಗವನ್ನು ತೋರಿಸುವುದುಂಟು. ಅವರು ಒಂದು ನಿಮಿಷದ ಸರಾಸರಿ ಹಿಡಿಯುತ್ತಾರೆ, ನಮ್ಮ ಇಲಾಖೆ ಮೂರು ನಿಮಿಷದ ಸರಾಸರಿ ಹಿಡಿಯುತ್ತದೆ. ‘ಸರ್ಕಾರ ವೇಗವನ್ನು ಮುಚ್ಚಿಡುತ್ತಿದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶಗಳು ಹುಟ್ಟುವುದು ಬಹುಮಟ್ಟಿಗೆ ಈ ವ್ಯತ್ಯಾಸದಿಂದ. ವೇಗವನ್ನು ನಾಟ್‌ನಲ್ಲಿ ಕೊಟ್ಟಿದ್ದರೆ 1.85ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ.

ಬಣ್ಣಗಳ ವಿಷಯದಲ್ಲಿಯೂ ಎಚ್ಚರ ಬೇಕು. ಚಂಡಮಾರುತದ ಎಚ್ಚರಿಕೆಯಲ್ಲಿ ಹಳದಿ ಎಂದರೆ ಪ್ರತಿಕೂಲ ಹವಾಮಾನ ಆರಂಭವಾಗಲು ಸುಮಾರು 48 ಗಂಟೆ ಇರುವಾಗ ಕೊಡುವ ಸೂಚನೆ, ಕಿತ್ತಳೆ ಎಂದರೆ 24 ಗಂಟೆ ಮೊದಲಿನದು. ಅದಕ್ಕೂ ಹಿಂದೆ, 72 ಗಂಟೆಯ ಸುಮಾರಿಗೆ, ಪೂರ್ವಭಾವಿ ನಿಗಾ ಸೂಚನೆಯೊಂದು ಹೊರಡುತ್ತದೆ. ಜಿಲ್ಲೆಗಳಿಗೆ ಕೊಡುವ ಮಳೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಪ್ರತ್ಯೇಕ. ಅದು ಮಳೆಯ ಪ್ರಮಾಣ ಮತ್ತು ಅದರ ಪರಿಣಾಮವನ್ನು ಹೇಳುತ್ತದೆ. ದಿನಕ್ಕೆ 204.4 ಮಿ.ಮೀ. ಮೀರುವ ಮಳೆಯನ್ನು ಇಲಾಖೆ ಅತ್ಯಂತ ಭಾರಿ ಮಳೆ ಎನ್ನುತ್ತದೆ. ಉಡುಪಿಗೆ ಮಳೆಯ ಕೆಂಪು ಎಚ್ಚರಿಕೆ ಇದ್ದ ಮಾತ್ರಕ್ಕೆ ಚಂಡಮಾರುತ ಉಡುಪಿಗೆ ಬರುತ್ತಿದೆ ಎಂದಾಗುವುದಿಲ್ಲ.

ಎರಡನೆಯ ಹಂತ: ನಕ್ಷೆಯ ಮೇಲೆ ನೀವೇ ಗುರುತು ಹಾಕುವುದು

ಬುಲೆಟಿನ್‌ನಲ್ಲಿ ಚಂಡಮಾರುತದ ಕೇಂದ್ರ ಎಲ್ಲಿದೆ ಎಂಬುದನ್ನು ಅಮಿನಿ ದ್ವೀಪ, ಪಣಜಿ, ಮುಂಬೈ, ವೆರಾವಲ್ ಮುಂತಾದ ಊರುಗಳಿಂದ ಇಷ್ಟು ದೂರ ಎಂದು ಬರೆದಿರುತ್ತಾರೆ. ಮಂಗಳೂರು, ಮಲ್ಪೆ, ಹೊನ್ನಾವರಗಳ ಹೆಸರು ಅಲ್ಲಿ ಕಾಣಸಿಗುವುದು ಅಪರೂಪ. ಆದರೆ ಅಕ್ಷಾಂಶ, ರೇಖಾಂಶಗಳು ಇದ್ದೇ ಇರುತ್ತವೆ. ಶಾಲೆಯ ಮಕ್ಕಳ ಗ್ರಾಫ್ ಪುಸ್ತಕದ ಒಂದು ಹಾಳೆ, ಪೆನ್ಸಿಲ್ ಮತ್ತು ಸ್ವಲ್ಪ ಲೆಕ್ಕ ಇದ್ದರೆ ಉಳಿದದ್ದನ್ನು ನೀವೇ ಕಂಡುಕೊಳ್ಳಬಹುದು.

ಹಾಳೆಯ ಅಡ್ಡಗೆರೆಗೆ 68ರಿಂದ 76 ಡಿಗ್ರಿಯವರೆಗಿನ ರೇಖಾಂಶವನ್ನೂ ಉದ್ದಗೆರೆಗೆ 8ರಿಂದ 22 ಡಿಗ್ರಿಯವರೆಗಿನ ಅಕ್ಷಾಂಶವನ್ನೂ ಬರೆದುಕೊಂಡು, ಅದರ ಮೇಲೆ ನಮ್ಮ ಊರುಗಳನ್ನು ಗುರುತಿಸಬೇಕು: ಮಂಗಳೂರು ಸುಮಾರು 12.9 ಉತ್ತರ, 74.8 ಪೂರ್ವ, ಮಲ್ಪೆ 13.35, 74.7, ಕುಂದಾಪುರ 13.6, 74.7, ಭಟ್ಕಳ 14.0, 74.55, ಹೊನ್ನಾವರ 14.3, 74.4, ಕಾರವಾರ 14.8, 74.1. ಒಂದು ಡಿಗ್ರಿ ಅಕ್ಷಾಂಶ ಎಂದರೆ 111 ಕಿ.ಮೀ.; ನಮ್ಮ ಭಾಗದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ.

ತೌಕ್ತೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 2021ರ ಮೇ 15ರ ಬೆಳಿಗ್ಗೆ ಅದರ ಕೇಂದ್ರ 12.8 ಉತ್ತರ, 72.5 ಪೂರ್ವದ ಸುಮಾರಿನಲ್ಲಿತ್ತು. ಅಕ್ಷಾಂಶ ಬಹುತೇಕ ಮಂಗಳೂರಿನದೇ. ರೇಖಾಂಶದಲ್ಲಿ 2.3 ಡಿಗ್ರಿ ವ್ಯತ್ಯಾಸ. 108ರಿಂದ ಗುಣಿಸಿದರೆ ಮಂಗಳೂರಿನಿಂದ ನೇರ ಪಶ್ಚಿಮಕ್ಕೆ ಸುಮಾರು 250 ಕಿ.ಮೀ. ಮರುದಿನ ಬೆಳಿಗ್ಗೆ ಕೇಂದ್ರ 15.0 ಉತ್ತರ, 72.7 ಪೂರ್ವಕ್ಕೆ ಬಂದಿತ್ತು. ಒಂದು ದಿನದಲ್ಲಿ 2.2 ಡಿಗ್ರಿ ಉತ್ತರಕ್ಕೆ, ಅಂದರೆ ಸುಮಾರು 245 ಕಿ.ಮೀ., ಗಂಟೆಗೆ ಹತ್ತು ಕಿ.ಮೀ.ಯಂತೆ. ಆ ಹೊತ್ತಿಗೆ ಅದು ಕಾರವಾರದಿಂದ ಪಶ್ಚಿಮಕ್ಕೆ ಬರೀ 150 ಕಿ.ಮೀ. ದೂರದಲ್ಲಿತ್ತು, ಮಂಗಳೂರಿನಿಂದ ವಾಯವ್ಯಕ್ಕೆ 325 ಕಿ.ಮೀ. ದೂರಕ್ಕೆ ಸರಿದಿತ್ತು. ದೂರ ಅಡ್ಡಲಾಗಿಯೂ ಉದ್ದಲಾಗಿಯೂ ಇದ್ದಾಗ ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ನೇರ ದೂರ ಸಿಗುತ್ತದೆ. ಪ್ರೌಢಶಾಲೆಯ ಮಗುವಿಗೆ ಈ ಲೆಕ್ಕ ಒಪ್ಪಿಸಿದರೆ ಸಂತೋಷದಿಂದಲೇ ಮಾಡುತ್ತದೆ.

ಪ್ರತಿ ಬುಲೆಟಿನ್ ಬಂದಾಗಲೂ ಒಂದು ಚುಕ್ಕೆ ಇಟ್ಟು ಪಕ್ಕದಲ್ಲಿ ಸಮಯ, ನಿಮ್ಮ ಊರಿನಿಂದ ದೂರ ಮತ್ತು ದಿಕ್ಕನ್ನು ಬರೆಯಿರಿ. ನಾಲ್ಕೈದು ಚುಕ್ಕೆಗಳಾದ ಮೇಲೆ ಎರಡು ಸಂಗತಿಗಳು ತಾವಾಗಿಯೇ ಕಾಣುತ್ತವೆ: ಚಂಡಮಾರುತದ ವೇಗ ಹೆಚ್ಚುತ್ತಿದೆಯೇ ಕುಗ್ಗುತ್ತಿದೆಯೇ ಎಂಬುದು, ಮತ್ತು ಅದು ದಡದತ್ತ ಬಾಗುತ್ತಿದೆಯೇ ಕಡಲಿನತ್ತ ಸರಿಯುತ್ತಿದೆಯೇ ಎಂಬುದು. 2019ರ ಅಕ್ಟೋಬರಿನ ಕ್ಯಾರ್ ಚಂಡಮಾರುತವನ್ನು ಹೀಗೆ ಗುರುತಿಸಿದವರಿಗೆ ಒಂದು ವಿಷಯ ಸ್ಪಷ್ಟವಾಗಿರುತ್ತಿತ್ತು. ಅದು ಸೂಪರ್ ಸೈಕ್ಲೋನ್ ದರ್ಜೆ ಮುಟ್ಟಿದೆ ಎಂಬ ಸುದ್ದಿ ಬಂದಾಗ ಅದು ನಮ್ಮ ದಡದಿಂದ ಪಶ್ಚಿಮಕ್ಕೆ ದೂರ ಸರಿಯುತ್ತಿತ್ತು. ದರ್ಜೆ ಏರಿದಂತೆ ನಮ್ಮ ಮೇಲಿನ ಪರಿಣಾಮವೂ ಏರಲೇಬೇಕೆಂದಿಲ್ಲ.

ಮೂರನೆಯ ಹಂತ: ಮುನ್ಸೂಚನೆಯ ಗೆರೆ ಮತ್ತು ಅದರ ಸುತ್ತಲಿನ ಪಟ್ಟಿ

ನಕ್ಷೆಯಲ್ಲಿ ಮುಂದಿನ ಐದು ದಿನಗಳ ಹಾದಿಯನ್ನು ಗೆರೆಯಾಗಿ ತೋರಿಸಿ, ಅದರ ಸುತ್ತ ಹೋದಂತೆ ಹೋದಂತೆ ಅಗಲವಾಗುವ ಪಟ್ಟಿಯೊಂದನ್ನು ಬಿಡಿಸಿರುತ್ತಾರೆ. ಪಟ್ಟಿಯ ಅಗಲ ಚಂಡಮಾರುತದ ಗಾತ್ರವನ್ನು ತೋರಿಸುವುದಿಲ್ಲ. ಕೇಂದ್ರ ಗೆರೆಯಿಂದ ಎಷ್ಟು ಆಚೀಚೆ ಹೋಗಬಹುದು ಎಂಬ ಅನಿಶ್ಚಿತತೆಯನ್ನು ತೋರಿಸುತ್ತದೆ. ನಿಮ್ಮ ಊರು ಪಟ್ಟಿಯ ಹೊರಗಿದ್ದರೂ ಗಾಳಿ, ಮಳೆ, ಅಲೆಗಳು ಅಲ್ಲಿಗೆ ತಲುಪುವುದು ಸಾಧ್ಯ. ಇತ್ತೀಚಿನ ವರ್ಷಗಳಲ್ಲಿ 24 ಗಂಟೆ ಮುಂಚಿನ ಮುನ್ಸೂಚನೆಯಲ್ಲಿ ಸ್ಥಾನದ ಸರಾಸರಿ ವ್ಯತ್ಯಾಸ ನೂರು ಕಿ.ಮೀ.ಗಿಂತ ಕಡಿಮೆಯಾಗಿದೆ, ಇದು ದೊಡ್ಡ ಸಾಧನೆಯೇ ಸರಿ. ಆದರೂ ಚಂಡಮಾರುತ ನಮ್ಮಿಂದ 200 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ ಎಂದಿರುವಾಗ ನೂರು ಕಿ.ಮೀ.ಯ ವ್ಯತ್ಯಾಸ ಸಣ್ಣದಲ್ಲ. 2023ರ ಜೂನ್‌ನ ಬಿಪರ್‌ಜಾಯ್ ಚಂಡಮಾರುತದ ಆರಂಭದ ದಿನಗಳಲ್ಲಿ ಬೇರೆ ಬೇರೆ ಗಣಕ ಮಾದರಿಗಳು ಅದನ್ನು ಬೇರೆ ಬೇರೆ ದೇಶಗಳತ್ತ ಕಳುಹಿಸಿದ್ದವು. ಕೊನೆಗೆ ಅದು ಜೂನ್ 15ರಂದು ಕಚ್ಛ್‌ನ ಜಖೌ ಬಂದರಿನ ಬಳಿ ದಡ ಸೇರಿತು. ವಿಂಡಿಯಂತಹ ಆ್ಯಪ್‌ಗಳಲ್ಲಿ ಕಾಣುವ ಬಣ್ಣದ ಸುಳಿಗಳು ಈ ಮಾದರಿಗಳ ನೇರ ಫಲಿತಾಂಶಗಳು, ಯಾವ ತಜ್ಞರೂ ಅವನ್ನು ಪರಿಶೀಲಿಸಿ ಅಂತಿಮಗೊಳಿಸಿರುವುದಿಲ್ಲ. ಎಂಟು ಹತ್ತು ದಿನಗಳ ಮುಂದಿನ ಚಿತ್ರವನ್ನು ಅಲ್ಲಿಂದ ತೆಗೆದು ಊರ ಗುಂಪಿಗೆ ಕಳುಹಿಸುವುದನ್ನು ದಯವಿಟ್ಟು ಬಿಡಬೇಕು.

ಗೆರೆಯನ್ನು ನೋಡುವಾಗ ನೆನಪಿಡಬೇಕಾದ ಇನ್ನೊಂದು ನಿಯಮವಿದೆ. ಉತ್ತರ ಗೋಳಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದು ಸಾಗುತ್ತಿರುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಬದಿಯಲ್ಲಿ ಸುತ್ತುವ ಗಾಳಿಗೆ ಮುನ್ನಡೆಯ ವೇಗವೂ ಕೂಡಿಕೊಳ್ಳುವುದರಿಂದ ಆ ಬದಿ ಹೆಚ್ಚು ಬಲವಾಗಿರುತ್ತದೆ. ಉತ್ತರಕ್ಕೆ ಸಾಗುವ ಚಂಡಮಾರುತಕ್ಕೆ ಬಲಬದಿ ಎಂದರೆ ಪೂರ್ವ, ಅಂದರೆ ನಾವಿರುವ ದಡ. ಕೇಂದ್ರ ಇನ್ನೂರೈವತ್ತು ಕಿ.ಮೀ. ಆಚೆ ಇದ್ದರೂ ನಮ್ಮ ತೀರ ತತ್ತರಿಸುವುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯ ಹಂತ: ಅಂಗಳದಲ್ಲಿ ನಿಂತು ಗಾಳಿ ಮತ್ತು ಒತ್ತಡ ಗಮನಿಸುವುದು

ವಿದ್ಯುತ್ತೂ ಇಂಟರ್‌ನೆಟ್ಟೂ ಕೈಕೊಟ್ಟಾಗ ಈ ಹಂತವೇ ಆಧಾರ. ಗಾಳಿಗೆ ಬೆನ್ನು ಮಾಡಿ ನಿಂತರೆ ಚಂಡಮಾರುತದ ಕೇಂದ್ರ ನಿಮ್ಮ ಎಡಗೈ ಕಡೆ, ತುಸು ಮುಂದಕ್ಕೆ ಇರುತ್ತದೆ. ಹಡಗಿನವರು ನೂರೈವತ್ತು ವರ್ಷಗಳಿಂದ ನಂಬಿಕೊಂಡು ಬಂದ ನಿಯಮವಿದು. ಮನೆ, ಮರಗಳ ನಡುವೆ ಗಾಳಿ ದಿಕ್ಕು ತಪ್ಪುವುದರಿಂದ ಇದನ್ನು ಬಯಲಿನಲ್ಲಿ ಪರೀಕ್ಷಿಸಬೇಕು. ಅದೂ ಸಾಧ್ಯವಾಗದಿದ್ದರೆ ತಗ್ಗಿನಲ್ಲಿ ಓಡುವ ಮೋಡಗಳ ದಿಕ್ಕನ್ನು ಹಿಡಿಯಬೇಕು. ಬೆಳಗಿನ ನೆಲಗಾಳಿ ಮತ್ತು ಮಧ್ಯಾಹ್ನದ ಕಡಲಗಾಳಿ ಚಂಡಮಾರುತ ದೂರವಿರುವಾಗ ಲೆಕ್ಕವನ್ನು ಕೆಡಿಸುತ್ತವೆ, ಹತ್ತಿರ ಬಂದಾಗ ಅವುಗಳ ಆಟ ನಡೆಯುವುದಿಲ್ಲ.

ನಮ್ಮ ಕರಾವಳಿಗೆ ಈ ನಿಯಮವನ್ನು ಅನ್ವಯಿಸಿದರೆ ಉಪಯುಕ್ತವಾದ ಒಂದು ಕ್ರಮ ಹೊರಡುತ್ತದೆ. ಚಂಡಮಾರುತ ನಮ್ಮ ನೈಋತ್ಯದಲ್ಲಿರುವಾಗ ಗಾಳಿ ಆಗ್ನೇಯ ಅಥವಾ ಪೂರ್ವದ ಕಡೆಯಿಂದ ಬೀಸುತ್ತದೆ. ಅದು ನಮ್ಮ ಅಕ್ಷಾಂಶಕ್ಕೆ ಬಂದು ನೇರ ಪಶ್ಚಿಮದಲ್ಲಿರುವಾಗ ಗಾಳಿ ದಕ್ಷಿಣದ ಕಡೆಯಿಂದ ಬರುತ್ತದೆ. ಅದು ಉತ್ತರಕ್ಕೆ ದಾಟಿದ ಮೇಲೆ ಗಾಳಿ ತಿರುಗಿ ನೈಋತ್ಯದ ಕಡೆಯಿಂದ ಬೀಸುತ್ತದೆ. ಆಗ್ನೇಯ, ದಕ್ಷಿಣ, ನೈಋತ್ಯ ಎಂಬ ಈ ಸರದಿಯಲ್ಲಿ ಗಾಳಿ ತಿರುಗುತ್ತಿದ್ದರೆ ಚಂಡಮಾರುತ ನಿಮ್ಮನ್ನು ದಾಟಿ ಬಡಗು ದಿಕ್ಕಿಗೆ ಹೋಗುತ್ತಿದೆ ಎಂದರ್ಥ. ಗಾಳಿ ದಿಕ್ಕು ಬದಲಿಸದೆ ಗಂಟೆಗಂಟೆಗೂ ಜೋರಾಗುತ್ತಿದ್ದು ಒತ್ತಡವೂ ಇಳಿಯುತ್ತಿದ್ದರೆ ಕೇಂದ್ರ ನಿಮ್ಮತ್ತಲೇ ಬರುತ್ತಿರುವ ಸಾಧ್ಯತೆ ಇದೆ. ಆಗ ಲೆಕ್ಕ ಹಾಕುತ್ತ ಕೂರದೆ ಸುರಕ್ಷಿತ ಸ್ಥಳಕ್ಕೆ ಹೊರಡಬೇಕು.

ಇಲ್ಲಿ ಜನ ಸಾಮಾನ್ಯವಾಗಿ ಗಮನಿಸದ ಒಂದು ಅಪಾಯವಿದೆ. ಆಗ್ನೇಯದ ಗಾಳಿ ನೆಲದಿಂದ ಕಡಲಿಗೆ ಬೀಸುವಂಥದು, ಅದು ಹೆಂಚು ಹಾರಿಸಬಹುದು, ಅಡಿಕೆ ಮರ ಮುರಿಯಬಹುದು, ಆದರೆ ನೀರನ್ನು ದಡಕ್ಕೆ ತಳ್ಳುವುದಿಲ್ಲ. ನೈಋತ್ಯದ ಗಾಳಿ ಕಡಲಿನಿಂದ ನೇರ ದಡಕ್ಕೆ ನುಗ್ಗುತ್ತದೆ. ಹೀಗಾಗಿ ಚಂಡಮಾರುತ ನಮ್ಮ ಅಕ್ಷಾಂಶ ದಾಟಿ, ಸುದ್ದಿವಾಹಿನಿಗಳ ಗಮನವೆಲ್ಲ ಗೋವಾ, ಮುಂಬೈ ಕಡೆ ಹೋದ ಮೇಲೆಯೂ ಇಲ್ಲಿ ಕಡಲ್ಕೊರೆತ ಜೋರಾಗಿರುತ್ತದೆ. ತೌಕ್ತೆಯ ಸಂದರ್ಭದಲ್ಲಿ ಕಾಪು ಬಳಿಯ ಬಂಡೆಗಳಲ್ಲಿ ಸಿಲುಕಿದ ಟಗ್ (ಹಡಗು ಎಳೆಯುವ ದೋಣಿ) ಒಂದರ 9 ಸಿಬ್ಬಂದಿಯನ್ನು ಕರಾವಳಿ ರಕ್ಷಣಾ ಪಡೆ ಮತ್ತು ನೌಕಾಪಡೆ ಪಾರುಮಾಡಿದ್ದು ಮೇ 17ರಂದು, ಚಂಡಮಾರುತ ಗುಜರಾತನ್ನು ಸಮೀಪಿಸುತ್ತಿದ್ದ ದಿನ.

ಈಗಿನ ಕೆಲವು ಮೊಬೈಲ್‌ಗಳಲ್ಲಿ ವಾಯುಭಾರ ಅಳೆಯುವ ಸಂವೇದಕ ಇರುತ್ತದೆ. ಅದನ್ನು ಓದುವ ಉಚಿತ ಆ್ಯಪ್‌ಗಳೂ ದೊರೆಯುತ್ತವೆ. ಆದರೆ ಬರೀ ಅಂಕಿ ಇಳಿದದ್ದನ್ನು ಕಂಡು ಗಾಬರಿಯಾಗಬಾರದು. ಉಷ್ಣವಲಯದಲ್ಲಿ ವಾಯುಭಾರ ಪ್ರತಿದಿನವೂ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ: ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಏರಿಕೆ, ಮುಂಜಾನೆ ಮತ್ತು ಸಂಜೆ ನಾಲ್ಕರ ಸುಮಾರಿಗೆ ಇಳಿಕೆ. ಈ ಏರಿಳಿತವೇ ಎರಡು ಮೂರು ಹೆಕ್ಟೊಪ್ಯಾಸ್ಕಲ್ (ವಾಯುಭಾರದ ಅಳತೆಯ ಮಾನ) ಇರುತ್ತದೆ. ಆದ್ದರಿಂದ ಇಂದಿನ ಸಂಜೆ ನಾಲ್ಕರ ಅಂಕಿಯನ್ನು ನಿನ್ನೆಯ ಸಂಜೆ ನಾಲ್ಕರ ಅಂಕಿಯೊಂದಿಗೆ ಮಾತ್ರ ಹೋಲಿಸಬೇಕು, ಅದೂ ಮನೆಯ ಅದೇ ಜಾಗದಲ್ಲಿ. ಎಂಟು ಮೀಟರ್ ಎತ್ತರಕ್ಕೆ ಹೋದರೂ ಒಂದು ಹೆಕ್ಟೊಪ್ಯಾಸ್ಕಲ್ ಕಡಿಮೆ ತೋರಿಸುತ್ತದೆ. ಈ ದಿನಚರಿಯ ಏರಿಳಿತವನ್ನು ಕಳೆದ ಮೇಲೂ ವಾಯುಭಾರ ಆ ಋತುವಿನ ಸಾಮಾನ್ಯ ಮಟ್ಟಕ್ಕಿಂತ ಮೂರು ಅಂಕ ಕೆಳಗಿದ್ದರೆ ಎಚ್ಚರವಾಗಿರಬೇಕು, ಐದು ಅಂಕ ಕೆಳಗಿದ್ದರೆ ಚಂಡಮಾರುತ ಸಮೀಪದಲ್ಲಿದೆ ಎಂದೇ ತಿಳಿಯಬೇಕು ಎಂಬುದು ನಾವಿಕರ ಲೆಕ್ಕ.

ಐದನೆಯ ಹಂತ: ಕಡಲನ್ನು ಓದುವುದು

ಚಂಡಮಾರುತದ ಮೊದಲ ಸುದ್ದಿಯನ್ನು ಕಡಲೇ ತರುತ್ತದೆ. ದೂರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ಚಂಡಮಾರುತಕ್ಕಿಂತ ವೇಗವಾಗಿ ಚಲಿಸಿ ಗಾಳಿ, ಮೋಡ ಕಾಣುವ ಮೊದಲೇ ದಡ ಮುಟ್ಟುತ್ತವೆ. ಇವನ್ನು ಗುರುತಿಸಲು ಎತ್ತರಕ್ಕಿಂತ ಅಲೆಗಳ ನಡುವಿನ ಅವಧಿಯನ್ನು ನೋಡಬೇಕು. ಸುರಕ್ಷಿತವಾದ ಎತ್ತರದ ಜಾಗದಲ್ಲಿ ನಿಂತು ಹನ್ನೊಂದು ಅಲೆಗಳು ಒಂದೇ ಸ್ಥಳದಲ್ಲಿ ಮುರಿಯುವವರೆಗಿನ ಸಮಯವನ್ನು ಅಳೆದು ಹತ್ತರಿಂದ ಭಾಗಿಸಿರಿ. ಸ್ಥಳೀಯ ಗಾಳಿಯ ಅಲೆಗಳಲ್ಲಿ ಈ ಅವಧಿ ಐದಾರು ಸೆಕೆಂಡು ಇರುತ್ತದೆ. ಹತ್ತು, ಹನ್ನೆರಡು ಸೆಕೆಂಡು ಬಂದರೆ ಅಲೆಗಳು ದೂರದಿಂದ ಬಂದವು. ಸೆಕೆಂಡುಗಳನ್ನು 2.8ರಿಂದ ಗುಣಿಸಿದರೆ ಆ ಅಲೆಗಳ ಗುಂಪು ಆಳ ಕಡಲಿನಲ್ಲಿ ಗಂಟೆಗೆ ಎಷ್ಟು ಕಿ.ಮೀ. ಸಾಗಿ ಬಂತು ಎಂಬುದು ಅಂದಾಜಾಗಿ ತಿಳಿಯುತ್ತದೆ: ಹನ್ನೆರಡು ಸೆಕೆಂಡಿನ ಅಲೆಗೆ ಸುಮಾರು 34 ಕಿ.ಮೀ. ಗಂಟೆಗೆ ಹತ್ತು ಕಿ.ಮೀ. ಸಾಗುವ ಚಂಡಮಾರುತ 300 ಕಿ.ಮೀ. ದೂರದಲ್ಲಿದ್ದರೆ ಅದರ ಅಲೆ ಒಂಬತ್ತು ಗಂಟೆಯಲ್ಲಿ ನಿಮ್ಮ ತೀರದಲ್ಲಿರುತ್ತದೆ.

ಆದರೆ ಉದ್ದನೆಯ ಅಲೆ ಬಂದಾಗಲೆಲ್ಲ ಚಂಡಮಾರುತ ಇದೆಯೆಂದು ತಿಳಿಯಬಾರದು. ಏಪ್ರಿಲ್, ಮೇ ತಿಂಗಳುಗಳಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಿಂದ ಹುಟ್ಟಿದ ಅಲೆಗಳು ಸಾವಿರಾರು ಕಿ.ಮೀ. ಸಾಗಿ ಬಂದು, ಗಾಳಿಯ ಸುಳಿವೇ ಇಲ್ಲದ ದಿನ ತೀರದ ಮನೆಗಳಿಗೆ ನೀರು ನುಗ್ಗಿಸುವುದುಂಟು. ಕೇರಳದವರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ. ಅವಧಿ ಇನ್ನೂ ದೀರ್ಘವಾಗಿದ್ದು, ಬುಲೆಟಿನ್‌ನಲ್ಲಿ ಯಾವ ವಾಯುಭಾರ ಕುಸಿತದ ಪ್ರಸ್ತಾಪವೂ ಇಲ್ಲದಿದ್ದರೆ ಇದೇ ಕಾರಣವಿರಬಹುದು. ಎರಡಕ್ಕೂ ಎಚ್ಚರಿಕೆ ಕೊಡುವುದು ಕಡಲಿನ ಸ್ಥಿತಿಗತಿಯ ಮಾಹಿತಿ ನೀಡುವ ಹೈದರಾಬಾದಿನ ‘ಇನ್‌ಕಾಯ್ಸ್’ ಸಂಸ್ಥೆ. ಅಲೆಯ ಎತ್ತರ, ಅವಧಿ, ಸಮಯಗಳನ್ನು ಅದು ಕರಾವಳಿಯ ಭಾಗಗಳಿಗೆ ಅನುಗುಣವಾಗಿ ಪ್ರಕಟಿಸುತ್ತದೆ.

ಈಗ ಭರತದ ಸಮಯವನ್ನು ಸೇರಿಸಿಕೊಳ್ಳಬೇಕು. ನಮ್ಮಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ ಎಂಬುದನ್ನು ಮೀನುಗಾರರಿಗೆ ಹೇಳಬೇಕಾಗಿಲ್ಲ, ಆದರೆ ಕಡಲತೀರದಲ್ಲಿ ಹೊಸದಾಗಿ ಮನೆ ಕಟ್ಟಿಸಿಕೊಂಡವರಿಗೆ ಹೇಳಬೇಕಾಗುತ್ತದೆ. ಮಂಗಳೂರಿನಲ್ಲಿ ಭರತ ಮತ್ತು ಇಳಿತದ ನಡುವಿನ ವ್ಯತ್ಯಾಸ ಎರಡು ಮೀಟರಿಗಿಂತ ಕಡಿಮೆ. ಅಷ್ಟು ಕಡಿಮೆ ಇರುವುದರಿಂದಲೇ ಚಂಡಮಾರುತ ತಳ್ಳಿದ ಹೆಚ್ಚುವರಿ ನೀರು, ಅರ್ಧ ಮೀಟರ್ ಇದ್ದರೂ, ಎಂದೂ ನೀರು ಕಾಣದ ಜಾಗಕ್ಕೆ ತಲುಪುತ್ತದೆ. ವಾಯುಭಾರ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ಸಮುದ್ರದ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಉಳಿದ ಏರಿಕೆಯೆಲ್ಲ ಗಾಳಿ ಮತ್ತು ಅಲೆಯಿಂದ. ನಿಮ್ಮ ಲೆಕ್ಕದಲ್ಲಿ ಗಾಳಿ ನೈಋತ್ಯಕ್ಕೆ ತಿರುಗುವ ಹೊತ್ತೂ ಭರತದ ಹೊತ್ತೂ ಒಂದೇ ಆಗಿದ್ದರೆ ಅದಕ್ಕೆ ಎರಡು ಗಂಟೆ ಮೊದಲೇ ತೀರದ ಮನೆ ಬಿಡಬೇಕು.

ಅಳಿವೆಗಳ ಬಳಿ ಇರುವವರ ಲೆಕ್ಕ ಬೇರೆ. ನೇತ್ರಾವತಿ-ಗುರುಪುರ ನದಿಗಳು ಕೂಡುವಲ್ಲಿ, ಕೋಡಿ ಬೆಂಗ್ರೆಯಲ್ಲಿ, ಗಂಗೊಳ್ಳಿಯಲ್ಲಿ, ಹೊನ್ನಾವರದ ಶರಾವತಿ ಅಳಿವೆಯಲ್ಲಿ ಕಡಲಿನ ನೀರು ಒಳಕ್ಕೆ ಒತ್ತುವಾಗ ಘಟ್ಟದ ಮಳೆಯ ನೀರು ಹೊರಹೋಗಲಾರದೆ ಹಿನ್ನೀರಿನ ದಂಡೆಯ ಮನೆಗಳಿಗೆ ಹೊಕ್ಕುತ್ತದೆ. ಈ ನೀರು ಕಡಲಿನ ಕಡೆಯಿಂದ ಬರದೆ ಹಿತ್ತಲಿನ ಕಡೆಯಿಂದ ಬರುತ್ತದೆ. ಹಾಗಾಗಿ ಅಲ್ಲಿನವರು ಕಡಲನ್ನಷ್ಟೇ ನೋಡದೆ, ಆಗುಂಬೆ, ಕೊಲ್ಲೂರು, ಸುಬ್ರಹ್ಮಣ್ಯದ ಕಡೆ ಎಷ್ಟು ಮಳೆಯಾಗಿದೆ ಎಂಬುದನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ವರದಿಯಲ್ಲಿ ನೋಡಬೇಕು.

ಬಂದರಿನಲ್ಲಿ ಏರಿಸುವ ಸಂಕೇತಗಳನ್ನೂ ಕಲಿತಿರುವುದು ಒಳ್ಳೆಯದು. ಒಂದು ಮತ್ತು ಎರಡನೆಯ ಸಂಕೇತಗಳು ದೂರದ ಬಿರುಗಾಳಿಯನ್ನು ಸೂಚಿಸುತ್ತವೆ, ಮೂರು ಮತ್ತು ನಾಲ್ಕು ಆ ಬಂದರಿಗೇ ಕೆಟ್ಟ ಹವೆ ಬರಬಹುದೆಂದು ಹೇಳುತ್ತವೆ, ಐದರಿಂದ ಏಳು ಅಪಾಯದ, ಎಂಟರಿಂದ ಹತ್ತು ಮಹಾ ಅಪಾಯದ ಸಂಕೇತಗಳು. ಹನ್ನೊಂದನೆಯದು ಹವಾಮಾನ ಕೇಂದ್ರದೊಂದಿಗಿನ ಸಂಪರ್ಕವೇ ಕಡಿದಿದೆ ಎಂಬುದಕ್ಕೆ.

ಆರನೆಯ ಹಂತ: ಉಪಗ್ರಹ ಮತ್ತು ರಾಡಾರ್ ಚಿತ್ರ

ಉಪಗ್ರಹದ ಚಿತ್ರ ನೋಡಲು ಆಕರ್ಷಕ, ಆದರೆ ದಡದಲ್ಲಿರುವವರಿಗೆ ಅದರ ಉಪಯೋಗ ಸೀಮಿತ. ಇನ್‌ಸ್ಯಾಟ್ ಸರಣಿಯ ಚಿತ್ರಗಳು ಅರ್ಧ ಗಂಟೆಗೊಮ್ಮೆಯಾದರೂ ಸಿಗುತ್ತವೆ. ಬಿಳಿಯ ಮೋಡ ನಿಮ್ಮ ಊರ ಮೇಲಿದ್ದ ಮಾತ್ರಕ್ಕೆ ಕೆಳಗೆ ಮಳೆಯಾಗುತ್ತಿದೆ ಎಂದೇನೂ ಇಲ್ಲ; ಎತ್ತರದಲ್ಲಿ ಹರಡಿದ ತೆಳುಮೋಡವೂ ಹಾಗೆಯೇ ಕಾಣುತ್ತದೆ. ಅದಕ್ಕಿಂತ ಗೋವಾ ಮತ್ತು ಕೊಚ್ಚಿಯ ಡಾಪ್ಲರ್ ರಾಡಾರ್ ಚಿತ್ರಗಳು ಹೆಚ್ಚು ನೆರವಾಗುತ್ತವೆ. ಕಡಲಿನಿಂದ ಬಾಗಿದ ಪಟ್ಟಿಗಳಾಗಿ ಬರುವ ಮಳೆ ಅಲ್ಲಿ ಕಾಣುತ್ತದೆ. ಒಂದು ಪಟ್ಟಿ ಹೋಗಿ ಇನ್ನೊಂದು ಬರುವ ಮಧ್ಯೆ ಆಕಾಶ ತೆರವಾಗಿ ಬಿಸಿಲೂ ಬರಬಹುದು. ಈ ಬಿಡುವನ್ನು ಕಂಡು ದೋಣಿ ನೋಡಿ ಬರಲು ತೀರಕ್ಕೆ ಇಳಿಯುವುದು ಅಪಾಯಕರ, ಏಕೆಂದರೆ ಮುಂದಿನ ಪಟ್ಟಿ ತನ್ನ ಬಿರುಸಿನ ಗಾಳಿಯೊಂದಿಗೆ ಇಪ್ಪತ್ತು ಮೂವತ್ತು ನಿಮಿಷದಲ್ಲಿ ಬಂದುಬಿಡಬಹುದು.

ಏಳನೆಯ ಹಂತ: ಲೆಕ್ಕವನ್ನು ಕೆಲಸಕ್ಕೆ ತರುವುದು

72 ಗಂಟೆಯ ಸೂಚನೆ ಬಂದ ಕೂಡಲೇ ಮೊದಲು ಯೋಚಿಸಬೇಕಾದದ್ದು ಕಡಲಿನಲ್ಲಿರುವ ಬೋಟುಗಳ ಬಗ್ಗೆ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ, ಆದರೆ ಚಂಡಮಾರುತದ ಮುಖ್ಯ ಕಾಲಗಳಾದ ಮೇ ತಿಂಗಳೂ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಅವಧಿಯೂ ನಿಷೇಧದ ಹೊರಗೆ ಬೀಳುತ್ತವೆ. ಹತ್ತು ಹನ್ನೆರಡು ದಿನದ ಆಳಸಮುದ್ರದ ಮೀನುಗಾರಿಕೆಗೆ ಹೋದ ಟ್ರಾಲ್ ಬೋಟ್ ದಡಕ್ಕೆ ಮರಳಲು ಒಂದು ದಿನಕ್ಕೂ ಹೆಚ್ಚು ಬೇಕಾಗಬಹುದು. 2017ರ ನವೆಂಬರಿನಲ್ಲಿ ಓಖಿ ಕನ್ಯಾಕುಮಾರಿಯ ಸಮೀಪ ವಾಯುಭಾರ ಕುಸಿತದಿಂದ ಚಂಡಮಾರುತವಾಗಿ ಬೆಳೆಯಲು ಒಂದು ದಿನ ಸಾಕಾಯಿತು. ಅಷ್ಟರಲ್ಲಾಗಲೇ ಕಡಲಿನಲ್ಲಿದ್ದ ಕೇರಳ, ತಮಿಳುನಾಡಿನ ನೂರಾರು ಮೀನುಗಾರರಿಗೆ ಎಚ್ಚರಿಕೆ ತಲುಪಲಿಲ್ಲ. ಆದ್ದರಿಂದ ಕಡಿಮೆ ಒತ್ತಡದ ಪ್ರದೇಶ ಇರುವಾಗಲೇ ತಾಂಡೇಲರಿಗೆ (ಬೋಟು ನಡೆಸುವವರಿಗೆ) ವಯರ್‌ಲೆಸ್ ಮೂಲಕ ತಿಳಿಸಿ, ಮಲ್ಪೆಗೋ ಮಂಗಳೂರಿಗೋ ಬರಲಾಗದಿದ್ದರೆ ಹತ್ತಿರದ ಯಾವ ಬಂದರಿಗೆ ಹೋಗಬಹುದೆಂಬುದನ್ನು ನಿಶ್ಚಯಿಸಬೇಕು. ಕಡಲಿನಲ್ಲಿ ಅಪಾಯಕ್ಕೆ ಸಿಲುಕಿದವರ ಬಗ್ಗೆ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಬಹುದು.

48 ಗಂಟೆ ಉಳಿದಿರುವಾಗ ನಾಡದೋಣಿಗಳನ್ನು ಮಾಮೂಲಿ ಜಾಗಕ್ಕಿಂತ ಸಾಕಷ್ಟು ಮೇಲಕ್ಕೆ ಎಳೆದು ಕಟ್ಟಬೇಕು, ಬಲೆಗಳನ್ನು ಶೆಡ್ಡಿನಿಂದ ತೆಗೆಯಬೇಕು, ಮನೆಯ ಮೇಲೆ ಬಾಗಿದ ಒಣ ಸೋಗೆ ಮತ್ತು ತೆಂಗಿನಕಾಯಿಗಳನ್ನು ಇಳಿಸಬೇಕು. ಬಾವಿಗೆ ಉಪ್ಪುನೀರು ಸೇರುವ ಸಾಧ್ಯತೆ ಇರುವಲ್ಲಿ ಕುಡಿಯುವ ನೀರನ್ನು ಮೊದಲೇ ತುಂಬಿಟ್ಟುಕೊಳ್ಳಬೇಕು. ಮೊಬೈಲ್, ಪವರ್ ಬ್ಯಾಂಕ್ ಚಾರ್ಜ್ ಮಾಡಿಕೊಳ್ಳುವುದು, ಔಷಧ ಮತ್ತು ದಾಖಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

24 ಗಂಟೆಯ ಎಚ್ಚರಿಕೆ ಬಂದ ಮೇಲೆ ಹೊರಡುವ ಸಮಯವನ್ನು ಗಡಿಯಾರದ ಲೆಕ್ಕದಲ್ಲಿ ಗೊತ್ತುಮಾಡಿ ಮನೆಯವರಿಗೆಲ್ಲ ಹೇಳಬೇಕು: ‘ಗಾಳಿ ಜೋರಾದರೆ ಹೋಗೋಣ’ ಎಂದು ಬಿಟ್ಟರೆ ನಡುರಾತ್ರಿ, ಕರೆಂಟಿಲ್ಲದೆ, ರಸ್ತೆಗೆ ಮರ ಬಿದ್ದ ಮೇಲೆ ಹೊರಡಬೇಕಾಗುತ್ತದೆ. ಭರತ ರಾತ್ರಿ ಇದ್ದರೆ ಸಂಜೆ ಬೆಳಕಿರುವಾಗಲೇ ಹೊರಡಬೇಕು. ಅಜ್ಜ ಅಜ್ಜಿಯರು ‘ನಾವು ಇಂಥ ಎಷ್ಟೋ ತೂಫಾನು ನೋಡಿದ್ದೇವೆ’ ಎಂದು ಕೂತುಬಿಟ್ಟರೆ ನಿಮ್ಮ ಗ್ರಾಫ್ ಹಾಳೆಯನ್ನು ಅವರ ಮುಂದಿಡಿ. ಕಡಲು ಬಲ್ಲವರಿಗೆ ಗಾಳಿಯ ದಿಕ್ಕು ಮತ್ತು ಭರತದ ಹೊತ್ತಿನ ಮಾತು ಸರ್ಕಾರಿ ಆದೇಶಕ್ಕಿಂತ ಬೇಗ ಮನಸ್ಸಿಗೆ ಹತ್ತುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077, ತುರ್ತು ನೆರವಿಗೆ 112, ಹರಿದು ಬಿದ್ದ ತಂತಿಯ ಬಗ್ಗೆ ತಿಳಿಸಲು 1912.

ಎಂಟನೆಯ ಹಂತ: ದಾಟಿದ ನಂತರದ ಎರಡು ದಿನ

ಚಂಡಮಾರುತ ನಿಮ್ಮ ಅಕ್ಷಾಂಶ ದಾಟಿ 400, 500 ಕಿ.ಮೀ. ಆಚೆ ಹೋಗುವವರೆಗೆ ಚುಕ್ಕೆ ಇಡುವುದನ್ನು ನಿಲ್ಲಿಸಬಾರದು. ವಾಯುಭಾರ ನಿನ್ನೆಯ ಇದೇ ಹೊತ್ತಿಗಿಂತ ಮೇಲೇರಿರಬೇಕು, ಅಲೆಯ ಎತ್ತರ ಸತತ ಎರಡು ಭರತಗಳಲ್ಲಿ ಕುಗ್ಗಿರಬೇಕು, ಇನ್‌ಕಾಯ್ಸ್‌ನ ಎಚ್ಚರಿಕೆ ಹಿಂದೆಗೆದಿರಬೇಕು. ಈ ಮೂರೂ ಕೂಡಿಬಂದ ಮೇಲೆ ತೀರದ ಮನೆಗೆ ಮರಳಬಹುದು. ಅಡಿಪಾಯದ ಕೆಳಗಿನ ಮರಳು ಕೊರೆದುಹೋಗಿದ್ದರೂ ಮೇಲಿನ ಗೋಡೆ ನೆಟ್ಟಗೆ ನಿಂತಿರಬಹುದಾದ್ದರಿಂದ ಒಳಹೋಗುವ ಮೊದಲು ಕಡಲಿನ ಬದಿಯ ಅಡಿಪಾಯವನ್ನು ಪರೀಕ್ಷಿಸಬೇಕು. ಬಾವಿಯ ನೀರು ಉಪ್ಪಾಗಿದ್ದರೆ ಒಮ್ಮೆಲೇ ಪೂರ್ತಿ ಖಾಲಿ ಮಾಡಲು ಹೋಗಬಾರದು, ಹಾಗೆ ಮಾಡಿದರೆ ತಳದಿಂದ ಇನ್ನಷ್ಟು ಉಪ್ಪುನೀರು ಮೇಲೇರುತ್ತದೆ. ಕೆಲವು ದಿನ ಬಿಟ್ಟು ಬಿಟ್ಟು ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕು. ನೀರು ಏರಿದ ಗುರುತನ್ನು ಮಾಸುವ ಮೊದಲೇ ಗೋಡೆಯ ಮೇಲೆ ಬಣ್ಣದಿಂದ ಬರೆದು, ಆ ಹೊತ್ತಿಗೆ ಚಂಡಮಾರುತ ಎಷ್ಟು ದೂರದಲ್ಲಿತ್ತು, ಗಾಳಿ ಯಾವ ಕಡೆಯಿಂದಿತ್ತು, ಭರತ ಎಷ್ಟು ಗಂಟೆಗೆ ಇತ್ತು ಎಂಬುದನ್ನು ಗ್ರಾಫ್ ಹಾಳೆಯ ಹಿಂಬದಿಯಲ್ಲಿ ನಮೂದಿಸಿ, ಅದರ ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಿರಿ.